ಮಂಡಕ್ಕಿ ಭಟ್ಟಿಯ ಹೊಗೆಗೆ ಬೆಲೆ ತೆರಬೇಕಾದವರು ಯಾರು?

ದಾವಣಗೆರೆ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆ ಆಯುಕ್ತರಿಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಅಧಿಕಾರಿಗಳಿಗೆ ಮತ್ತು ಮಂಡಕ್ಕಿ ತಿನ್ನುವ ಊರಿನ ಎಲ್ಲರಿಗೆ,

ಮಾನ್ಯರೇ,

ನಾನು ದಾವಣಗೆರೆಯ ಹಳೇ ಊರಿನಲ್ಲಿ ಖಾರಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರಿ ಬದುಕುವವನು. ಈ ಪತ್ರದಲ್ಲಿ ನನ್ನ ಸ್ವಾರ್ಥವೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಂಡಕ್ಕಿ ಹುರಿಯುವ ಭಟ್ಟಿಗಳು ನಿಂತರೆ ನನ್ನ ಅಂಗಡಿಯೂ ನಿಲ್ಲುತ್ತದೆ. ಭಟ್ಟಿಗಳು ಈಗಿನ ಹಾಗೆಯೇ ಉರಿಯುತ್ತಿದ್ದರೆ ನನಗೆ ಮಂಡಕ್ಕಿ ಹುರಿದು ಕೊಡುವವರ ಮಕ್ಕಳು ಕೆಮ್ಮುತ್ತಲೇ ದೊಡ್ಡವರಾಗುತ್ತಾರೆ. ಒಳ್ಳೆಯ ಗಾಳಿ ಬೇಕೋ, ಕೂಲಿ ಬೇಕೋ, ಒಂದನ್ನು ಆರಿಸಿಕೊಳ್ಳಿ ಎನ್ನುವ ಧಾಟಿಯಲ್ಲಿ ಯಾರಾದರೂ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಎರಡನ್ನೂ ಉಳಿಸಿಕೊಳ್ಳುವ ದಾರಿ ಇದೆ. ಅದಕ್ಕೆ ಕಾನೂನು ಇದೆ, ಅನುದಾನ ಇದೆ, ನೆಲದೊಳಗೆ ಅನಿಲದ ಕೊಳವೆಯೂ ಇದೆ. ಇಲ್ಲದಿರುವುದು ಒಂದೇ: ಭಟ್ಟಿಯಲ್ಲಿ ದುಡಿಯುವವರ ಹೆಸರು ಬರೆದಿರುವ ಒಂದು ಪುಸ್ತಕ.

ದಾವಣಗೆರೆ ಎಂದರೆ ಬೆಣ್ಣೆದೋಸೆ ಎಂದು ಹೊರಗಿನವರು ಅಂದುಕೊಂಡಿದ್ದಾರೆ. ಊರಿನವರಿಗೆ ಗೊತ್ತು, ಸಂಜೆ ಐದರ ಮೇಲೆ ಈ ಊರು ಬದುಕುವುದು ಮಂಡಕ್ಕಿಯ ಮೇಲೆ. ದುಗ್ಗಮ್ಮನ ಜಾತ್ರೆಗೆ ಬಂದವರು ಮಂಡಕ್ಕಿಯ ಗಂಟಿಲ್ಲದೆ ಮನೆಗೆ ಹೋಗುವುದಿಲ್ಲ. ಸತ್ತವರ ಮುಂದೆ ಚೆಲ್ಲುವುದಕ್ಕೂ ಅದೇ, ಮದುವೆ ಮನೆಯ ನೆಂಟರಿಗೆ ಚಹಾದ ಜೊತೆ ಕೊಡುವುದಕ್ಕೂ ಅದೇ. ಇಷ್ಟು ತಿನ್ನುವ ನಾವು ಅದು ಎಲ್ಲಿಂದ ಬರುತ್ತದೆ ಎಂದು ನೋಡಲು ಹೋಗುವುದು ಕಡಿಮೆ.

ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಭತ್ತವನ್ನು ನೆನೆಸಬೇಕು, ಕಾಯಿಸಬೇಕು, ಒಣಗಿಸಬೇಕು, ಹೊಟ್ಟು ಬಿಡಿಸಿ ಅಕ್ಕಿ ಮಾಡಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಕೊನೆಗೆ ಕಾದ ಮರಳಿನಲ್ಲಿ ಹುರಿಯಬೇಕು. ಈ ಕೊನೆಯ ಕೆಲಸಕ್ಕೆ ಕೆಲವೇ ಸೆಕೆಂಡು ಸಾಕು, ಆದರೆ ಆ ಹೊತ್ತಿನಲ್ಲಿ ಮರಳಿನ ಕಾವು ಒಂದೇ ಹದದಲ್ಲಿರಬೇಕು. ಕಾವು ಇಳಿದರೆ ಅಕ್ಕಿ ಅರಳದೆ ಗಟ್ಟಿಯಾಗಿ ಉಳಿಯುತ್ತದೆ. ಏರಿದರೆ ಕರಕಲಾಗುತ್ತದೆ. ಕರಕಲು ಮಂಡಕ್ಕಿಯನ್ನು ನನ್ನಂಥವರು ಕೊಳ್ಳುವುದಿಲ್ಲ, ಹುರಿದವಳಿಗೆ ಆ ಚೀಲದ ಕೂಲಿಯೂ ಸಿಗುವುದಿಲ್ಲ. ಹೀಗಾಗಿ ಭಟ್ಟಿಯ ಲಾಭ ನಷ್ಟವೆಲ್ಲ ಒಲೆಯ ಬಾಯಿಗೆ ಏನು ಹಾಕುತ್ತೇವೆ ಎಂಬುದರ ಮೇಲೆ ನಿಂತಿದೆ.

ಭದ್ರಾ ನಾಲೆಯ ಸೀಮೆ ಇದು, ಭತ್ತಕ್ಕೂ ರೈಸ್ ಮಿಲ್‌ಗೂ ಬರವಿಲ್ಲ. ಹೊಟ್ಟು ಕೇಳುವವರಿಲ್ಲದೆ ಬಿದ್ದಿರುತ್ತಿದ್ದ ಕಾಲದಲ್ಲಿ ಭಟ್ಟಿಗಳು ಅದರಲ್ಲೇ ಉರಿದವು. ಈಗ ಇಟ್ಟಿಗೆ ಗೂಡಿನವರಿಗೂ ಬಾಯ್ಲರ್ ಇಟ್ಟವರಿಗೂ ಹೊಟ್ಟು ಬೇಕು, ಅದಕ್ಕೆ ಬೆಲೆ ಬಂದಿದೆ. ಅಲ್ಲಿಗೆ ಹಳೇ ಟೈರ್ ಒಲೆಯೊಳಗೆ ಬಂತು. ಒಂದು ಕಿಲೋ ಟೈರ್ ಉರಿದರೆ ಬರುವ ಕಾವು ಒಂದು ಕಿಲೋ ಹೊಟ್ಟಿನ ಕಾವಿನ ಸುಮಾರು ಎರಡರಷ್ಟು, ಕಲ್ಲಿದ್ದಲಿಗೂ ಕಡಿಮೆ ಇಲ್ಲ. ಉರಿದ ಮೇಲೆ ಉಳಿಯುವ ಉಕ್ಕಿನ ತಂತಿಯನ್ನು ಗುಜರಿಗೆ ಹಾಕಿದರೆ ನಾಲ್ಕು ಕಾಸು ವಾಪಸ್ ಬರುತ್ತದೆ. ಎಲ್ಲ ಭಟ್ಟಿಯವರೂ ಟೈರ್ ಸುಡುತ್ತಾರೆ ಎಂದು ನಾನು ಹೇಳುವುದಿಲ್ಲ, ಹೊಟ್ಟಿನಲ್ಲೇ ಹುರಿಯುವವರಿದ್ದಾರೆ. ಆದರೆ ಟೈರ್ ಸುಡುವವನು ಚೀಲಕ್ಕೆ ಎರಡು ರೂಪಾಯಿ ಕಡಿಮೆ ಹೇಳಿದ ದಿನ ಪಕ್ಕದವನ ನಿಯತ್ತೂ ಅಲುಗಾಡುತ್ತದೆ. ವ್ಯಾಪಾರ ನಡೆಯುವುದೇ ಹಾಗೆ.

ಆ ಹೊಗೆಯಲ್ಲಿ ಏನಿದೆ ಎಂಬುದು ಗುಟ್ಟೇನಲ್ಲ. ಟೈರಿನ ರಬ್ಬರನ್ನು ಗಟ್ಟಿ ಮಾಡಲು ಗಂಧಕ ಮತ್ತು ಸತುವಿನ ಆಕ್ಸೈಡ್ ಬೆರೆಸಿರುತ್ತಾರೆ, ಉರಿದಾಗ ಅವು ಹೊಗೆಗೂ ಬೂದಿಗೂ ಬರುತ್ತವೆ. ಅರೆಬರೆ ಉರಿದ ರಬ್ಬರಿನಿಂದ ಬೆಂಜೋಪೈರೀನ್ ಹುಟ್ಟುತ್ತದೆ. ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದೆ. ಇದು ಮೊದಲು ಹೋಗುವುದು ಒಲೆಯ ಮುಂದೆ ಕೂತವಳ ಎದೆಗೆ. ಆಮೇಲೆ ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಮಲಗಿದ ಕೂಸಿಗೆ. ಭಟ್ಟಿಗಳಿರುವ ಆಜಾದ್ ನಗರ, ಬಾಷಾ ನಗರದ ಓಣಿಗಳನ್ನು ದಾಟಿ ದೊಡ್ಡ ಬಡಾವಣೆಗಳಿಗೆ ಬರುವ ಹೊತ್ತಿಗೆ ಅದು ತೆಳ್ಳಗಾಗಿರುತ್ತದೆ. ದೂರು ಬರೆಯುವವರು ಮಾತ್ರ ಹೆಚ್ಚಾಗಿ ದೊಡ್ಡ ಬಡಾವಣೆಯವರು. ಅವರು ಬರೆಯುವುದು ತಪ್ಪಲ್ಲ. ಆದರೆ ದೂರಿನ ಕೊನೆಯ ಸಾಲು 'ಈ ಭಟ್ಟಿಗಳನ್ನು ಮುಚ್ಚಿಸಿ' ಎಂದಿರುತ್ತದಲ್ಲ, ಅಲ್ಲಿಂದ ನನ್ನ ತಕರಾರು ಶುರು.

ಮುಚ್ಚಿಸಿದರೆ ಏನಾಗುತ್ತದೆ ಎಂದು ನಾವು ಕಂಡಿದ್ದೇವೆ. ದಾಳಿ ಆಗುತ್ತದೆ, ಒಂದೆರಡು ಭಟ್ಟಿಗೆ ಬೀಗ ಬೀಳುತ್ತದೆ, ಉಳಿದವರು ಹೆದರಿ ಕೆಲವು ದಿನ ಒಲೆ ಹಚ್ಚುವುದಿಲ್ಲ. ಮಾಲೀಕನಿಗೆ ಆ ದಿನಗಳು ನಷ್ಟ, ನಿಜ, ಆದರೆ ಅವನಿಗೆ ಮನೆ ಬಾಡಿಗೆಯೋ ಇನ್ನೊಂದು ವ್ಯಾಪಾರವೋ ಇದ್ದೀತು. ಚೀಲದ ಲೆಕ್ಕದಲ್ಲಿ ದುಡಿಯುವ ಹೆಂಗಸಿಗೆ ಚೀಲ ಇಲ್ಲದ ದಿನ ಕೂಲಿಯೂ ಇಲ್ಲ. ಮುಂಗಡ ತೆಗೆದುಕೊಂಡಿದ್ದರೆ ಆ ಸಾಲ ಹಾಗೇ ಬೆಳೆಯುತ್ತದೆ. ಒಲೆ ಮತ್ತೆ ಹೊತ್ತಿದಾಗ ಅದು ಇನ್ನೂ ಕತ್ತಲಲ್ಲಿ, ಇನ್ನೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊತ್ತುತ್ತದೆ. ಹೊಗೆ ಊರಿಗೆ ಕಾಣದೆ ಹುರಿಯುವವಳ ಎದೆಗೆ ಇನ್ನಷ್ಟು ಹೋಗುತ್ತದೆ.

ಈಗ ಟೈರಿನ ಹುಟ್ಟಿಗೆ ಬರೋಣ. ಕೇಂದ್ರ ಪರಿಸರ ಸಚಿವಾಲಯ 2022ರ ಜುಲೈನಲ್ಲಿ ಅಪಾಯಕಾರಿ ತ್ಯಾಜ್ಯಗಳ ನಿಯಮಕ್ಕೆ ತಿದ್ದುಪಡಿ ತಂದು ಹಳೇ ಟೈರಿನ ಹೊಣೆಯನ್ನು ಹೊಸ ಟೈರ್ ಮಾಡುವವರ, ಆಮದು ಮಾಡುವವರ ತಲೆಗೆ ಕಟ್ಟಿತು. 2022-23ರಲ್ಲಿ 35%, ಮರುವರ್ಷ 70%, 2024-25ರಿಂದ ಪೂರ್ತಿ 100%. ಎರಡು ವರ್ಷದ ಹಿಂದೆ ಎಷ್ಟು ತೂಕದ ಹೊಸ ಟೈರ್ ಮಾರುಕಟ್ಟೆಗೆ ಬಿಟ್ಟರೋ ಅಷ್ಟು ತೂಕದ ಮರುಬಳಕೆಗೆ ಅವರೇ ದುಡ್ಡು ಕೊಟ್ಟು ಪ್ರಮಾಣಪತ್ರ ತರಬೇಕು. ಕಾಗದದ ಪ್ರಕಾರ ನಮ್ಮ ದೇಶದ ಹಳೇ ಟೈರಿಗೆಲ್ಲ ಒಬ್ಬ ಯಜಮಾನ ಇದ್ದಾನೆ. ಹಾಗಾದರೆ ದಾವಣಗೆರೆಯ ಭಟ್ಟಿಗೆ ಬಂದು ಇಳಿಯುವ ಟೈರ್ ಯಾರದು? ಗುಜರಿಯಿಂದ ಲಾರಿಗೆ, ಲಾರಿಯಿಂದ ಓಣಿಗೆ ಬರುವಷ್ಟರಲ್ಲಿ ಅದರ ಹಿಂದಿನ ಹೆಸರುಗಳೆಲ್ಲ ಅಳಿಸಿಹೋಗಿರುತ್ತವೆ. ಕೊನೆಗೆ ಕೈಗೆ ಸಿಗುವುದು ಒಲೆಯ ಮುಂದೆ ಕೂತವಳು. ಮಾಲಿನ್ಯ ಮಾಡಿದವರೇ ಅದರ ಖರ್ಚು ಭರಿಸಬೇಕು ಎಂದು ಸುಪ್ರೀಂ ಕೋರ್ಟ್ ವೆಲ್ಲೂರಿನ ಚರ್ಮದ ಕಾರ್ಖಾನೆಗಳ ಪ್ರಕರಣದಲ್ಲಿ 1996ರಲ್ಲೇ ಹೇಳಿದೆ. ಮಂಡಳಿಯ ಅಧಿಕಾರಿಗಳೇ, ತಮ್ಮ ತಪಾಸಣೆ ಓಣಿಯಿಂದ ಶುರುವಾಗುವುದು ಬೇಡ. ಟೈರ್ ಲಾರಿ ಊರೊಳಗೆ ಬರುವ ಜಾಗದಿಂದ, ಅದನ್ನು ಮಾರಿದವನ ರಸೀದಿಯಿಂದ ಶುರುವಾಗಲಿ.

ದುಡ್ಡಿನ ಮಾತು ಬಂದರೆ ಎಲ್ಲ ಕಚೇರಿಯಲ್ಲೂ ಅನುದಾನ ಇಲ್ಲ ಎನ್ನುವ ಉತ್ತರ ಬರುತ್ತದೆ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುಮಾಡಿತು. ಗಾಳಿಯ ಮಾನದಂಡವನ್ನು ವರ್ಷಗಟ್ಟಲೆ ಮುಟ್ಟಲಾಗದ ಊರುಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ಮೈಸೂರು ಇಲ್ಲ, ಮಂಗಳೂರು ಇಲ್ಲ, ನಾವಿದ್ದೇವೆ. ಈ ಪಟ್ಟಿಯಲ್ಲಿರುವುದು ಹೆಮ್ಮೆಯ ವಿಷಯವಲ್ಲ, ಆದರೆ ಪಟ್ಟಿಯಲ್ಲಿರುವ ಊರಿಗೆ ಗಾಳಿ ಸರಿಮಾಡಲು ಹಣ ಬರುತ್ತದೆ. ಅದು ಹೋಗುವುದು ಎಲ್ಲಿಗೆ? ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಇಡೀ ದೇಶದ ಲೆಕ್ಕ ತೆಗೆದಾಗ ಈ ಕಾರ್ಯಕ್ರಮದ ಹಣದಲ್ಲಿ 64% ರಸ್ತೆ ಧೂಳಿನ ನಿಯಂತ್ರಣಕ್ಕೇ ಹೋಗಿತ್ತು. ಸೌದೆ, ಕಸ ಮುಂತಾದವು ಉರಿಯುವ ಹೊಗೆಗೆ 14.51%. ಉದ್ದಿಮೆಗಳ ಹೊಗೆಗೆ 0.61%. ನೂರು ರೂಪಾಯಿಯಲ್ಲಿ ಅರವತ್ತೊಂದು ಪೈಸೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ. ರಸ್ತೆ ಗುಡಿಸುವ ಯಂತ್ರ ಬರಲಿ, ಬೇಡ ಎನ್ನುವುದಿಲ್ಲ. ಆಯುಕ್ತರೇ, ನಮ್ಮ ಪಾಲಿಕೆಗೆ ಈ ಬಾಬತ್ತಿನಲ್ಲಿ ಬಂದ ಹಣ ಎಷ್ಟು, ಅದರಲ್ಲಿ ಭಟ್ಟಿಗಳ ಒಲೆಗೆ ಖರ್ಚಾದದ್ದು ಎಷ್ಟು ಎಂಬುದನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಬರೆಸಿ ಆ ಓಣಿಯ ಗೋಡೆಗೆ ಅಂಟಿಸಿ. ಜನ ಓದುತ್ತಾರೆ.

ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ಕತೆ ಚಿಕ್ಕದು. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ನಗರಗಳಲ್ಲಿ ದಾವಣಗೆರೆ ಇತ್ತು, ಆ ಪ್ರಸ್ತಾವದಲ್ಲಿ ಮಂಡಕ್ಕಿ ಭಟ್ಟಿ ಪ್ರದೇಶದ ಹೆಸರೂ ಇತ್ತು. ನಮ್ಮ ಬಡತನವನ್ನೂ ಹೊಗೆಯನ್ನೂ ತೋರಿಸಿ ಊರಿಗೆ ಯೋಜನೆ ತಂದರು ಎಂದು ಭಟ್ಟಿಯವರು ಈಗಲೂ ಹಾಸ್ಯ ಮಾಡುತ್ತಾರೆ. ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಹೊಗೆ ಮುಗಿದಿಲ್ಲ.

ಹಾಗಾದರೆ ಒಲೆ ಬದಲಾಗುವುದು ಹೇಗೆ? ತಾಜ್ ಮಹಲಿಗೆ ಹತ್ತಿರದ, ಗಾಜಿನ ಬಳೆಗೆ ಹೆಸರಾದ ಉತ್ತರ ಪ್ರದೇಶದ ಫಿರೋಜಾಬಾದ್ ನೋಡಿ. ತಾಜ್ ಮಹಲಿನ ಅಮೃತಶಿಲೆ ಹಳದಿ ಆಗುತ್ತಿದೆ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 30ರಂದು ತೀರ್ಪು ಕೊಟ್ಟಿತು. ಸುತ್ತಲಿನ ಉದ್ದಿಮೆಗಳಿಗೆ ಕಲ್ಲಿದ್ದಲು ಬಿಡಿ, ನೈಸರ್ಗಿಕ ಅನಿಲಕ್ಕೆ ಬದಲಾಗಿ ಎಂದಿತು. ಬರಿ ಹೇಳಿ ಕೈಬಿಡಲಿಲ್ಲ, ಸರ್ಕಾರಿ ಕಂಪನಿ ಗೇಲ್‌ನ ಅನಿಲ ಆ ಊರಿನ ಕುಲುಮೆಗಳಿಗೆ ಕೊಳವೆಯಲ್ಲಿ ಬಂತು. ಗಾಜಿನ ಕುಲುಮೆಗೆ ಬೇಕಾದ ಕಾವಿನ ಮುಂದೆ ಮಂಡಕ್ಕಿಯ ಮರಳಿನ ಕಾವು ಎಷ್ಟರದು? ಅಲ್ಲಿ ಆಗಿದ್ದು ಇಲ್ಲಿ ಆಗದೆ ಇರಲು ಕಾರಣವಿಲ್ಲ. ನಮ್ಮಲ್ಲಿ ತಾಜ್ ಮಹಲ್ ಇಲ್ಲ ಎನ್ನುವುದೊಂದೇ ಕಾರಣವಾದರೆ ಅದನ್ನು ಬಾಯಿಬಿಟ್ಟು ಹೇಳಿಬಿಡಿ.

ಅನಿಲ ದೂರದಿಂದ ತರಬೇಕಾಗಿಯೂ ಇಲ್ಲ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಹೋಗುವ ಗೇಲ್ ಕೊಳವೆ 2013ರಿಂದ ನಮ್ಮ ಜಿಲ್ಲೆಯ ನೆಲದಡಿಯಲ್ಲೇ ಹರಿಯುತ್ತಿದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ನಗರ ಅನಿಲ ಪೂರೈಕೆಗೆ 2018ರ ಹರಾಜಿನಲ್ಲೇ ಪರವಾನಗಿ ಕೊಟ್ಟಾಗಿದೆ. ಕೊಳವೆ ಹಾಕುವ ಕಂಪನಿ ಲೆಕ್ಕ ಹಾಕುವುದು ಯಾವ ಬಡಾವಣೆಯವರು ತಿಂಗಳ ಬಿಲ್ಲು ಸರಿಯಾಗಿ ಕಟ್ಟುತ್ತಾರೆ ಎಂದು. ಅದು ಅವರ ಧಂದೆ. ಮೊದಲು ಯಾವ ಓಣಿಗೆ ಹೋಗಬೇಕು ಎಂದು ಹೇಳಬೇಕಾದವರು ತಾವು. ಹಗಲೂ ರಾತ್ರಿ ಒಲೆ ಉರಿಯುವ ಜಾಗಕ್ಕಿಂತ ದೊಡ್ಡ ಗಿರಾಕಿ ಅವರಿಗೆ ಈ ಊರಿನಲ್ಲಿ ಸಿಗುತ್ತಾರೆಯೇ? ಹೊಟ್ಟಿನಲ್ಲೇ ಹುರಿಯಲು ಇಷ್ಟಪಡುವವರಿಗೆ ಹೊಗೆ ಕಡಿಮೆ ಬರುವ ಒಲೆ, ಎತ್ತರದ ಚಿಮಣಿ, ರೈಸ್ ಮಿಲ್‌ಗಳಿಂದ ಒಪ್ಪಂದದ ಬೆಲೆಗೆ ಹೊಟ್ಟು ಸಿಗುವಂತೆ ಮಾಡಿ. ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವುದು ಬೇಕಿಲ್ಲ.

ಒಲೆ ಬದಲಿಸುವ ಸಾಲಕ್ಕೂ ದಾರಿಯಿದೆ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಘಟಕಗಳ ಪಿಎಂಎಫ್‌ಎಂಇ ಯೋಜನೆಯ ಸಹಾಯಧನ 35%, ಕರ್ನಾಟಕ ಅದಕ್ಕೆ 15% ಸೇರಿಸಿ ಅರ್ಧಕ್ಕರ್ಧ ಮಾಡಿದೆ, ಗರಿಷ್ಠ 15 ಲಕ್ಷ ರೂಪಾಯಿಯವರೆಗೆ. ಮಂಡಕ್ಕಿ ಆಹಾರವಲ್ಲ ಎಂದು ಯಾರೂ ಹೇಳಲಾರರು. ಆದರೆ ಬಾಡಿಗೆ ಜಾಗದಲ್ಲಿ, ಪರವಾನಗಿಯ ಚೀಟಿ ಇಲ್ಲದೆ, ಲೆಕ್ಕಪುಸ್ತಕ ಇಲ್ಲದೆ ಭಟ್ಟಿ ನಡೆಸುವವನಿಗೆ ಯಾವ ಬ್ಯಾಂಕ್ ಮ್ಯಾನೇಜರ್ ಕುರ್ಚಿ ಕೊಟ್ಟು ಕೂರಿಸುತ್ತಾನೆ? ಜಾಗದ ಯಜಮಾನ ಬಾಡಿಗೆ ಕರಾರು ಬರೆದುಕೊಡುವುದಿಲ್ಲ, ಕರಾರು ಇಲ್ಲದೆ ಪರವಾನಗಿ ಇಲ್ಲ, ಪರವಾನಗಿ ಇಲ್ಲದೆ ಸಾಲ ಇಲ್ಲ. ಈ ಗಂಟನ್ನು ಬಿಚ್ಚಲು ಪಾಲಿಕೆಯ ಒಬ್ಬ ಅಧಿಕಾರಿ ಓಣಿಯಲ್ಲೇ ಕೂತು ಅರ್ಜಿ ಬರೆಸಿದರೆ ಆಗುವ ಕೆಲಸ, ನೂರು ಜಾಗೃತಿ ಶಿಬಿರಗಳಿಂದ ಆಗುವುದಿಲ್ಲ.

ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಭಟ್ಟಿ ಮಾಲೀಕರಿಗೆ ಸಿಗುವ ಸವಲತ್ತು. ಅನಿಲ ಬಂದರೂ, ಸಾಲ ಬಂದರೂ ಅವರ ಹೆಸರಿಗೇ ಬರುತ್ತದೆ. ಹುರಿಯುವವರಿಗೆ, ಭತ್ತ ಒಣಗಿಸುವವರಿಗೆ, ಚೀಲ ಹೊರುವವರಿಗೆ ಏನು? ಈ ಪತ್ರ ಬರೆಯಲು ಕೂತಿದ್ದು ಈ ಪ್ರಶ್ನೆಗಾಗಿ.

1996ರ ಜುಲೈ 8ರಂದು ಸುಪ್ರೀಂ ಕೋರ್ಟ್ ದೆಹಲಿಯ 168 ಅಪಾಯಕಾರಿ ಕಾರ್ಖಾನೆಗಳನ್ನು ಊರಿನಿಂದ ಹೊರಗೆ ಕಳಿಸಿತು. ಆ ಆದೇಶದಲ್ಲಿ ಕಾರ್ಮಿಕರ ಪರವಾಗಿ ಒಳ್ಳೆಯ ಮಾತುಗಳಿದ್ದವು. ಕಾರ್ಖಾನೆ ಮುಚ್ಚಿ ಹೊಸ ಜಾಗದಲ್ಲಿ ತೆರೆಯುವವರೆಗಿನ ದಿನಗಳನ್ನು ಕೆಲಸದ ದಿನಗಳೆಂದೇ ಎಣಿಸಿ ಪೂರ್ತಿ ಸಂಬಳ ಕೊಡಬೇಕು, ಜೊತೆಗೆ ಹೋಗಲು ಒಪ್ಪಿದವರಿಗೆ ಒಂದು ವರ್ಷದ ಸಂಬಳವನ್ನು ಸ್ಥಳಾಂತರದ ಬೋನಸ್ ಆಗಿ ಕೊಡಬೇಕು ಎಂದಿತ್ತು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಗುತ್ತಿಗೆ ಕೂಲಿಗಳು ತಾವು ಅಲ್ಲಿ ದುಡಿದಿದ್ದೇವೆ ಎಂದು ತೋರಿಸುವುದು ಹೇಗೆ? ಕೋರ್ಟು ಕೊಡು ಎಂದರೂ ಕಾಗದದಲ್ಲಿ ಇಲ್ಲದವರಿಗೆ ಕೊಡುವುದು ಯಾರು?

ನಮ್ಮೂರಿಗೆ ಇದು ಹೊಸ ಪಾಠವಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು ಇದು. ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು, ಹರಿಹರದಲ್ಲಿ ಕಿರ್ಲೋಸ್ಕರ್ ಬಾಗಿಲು ಹಾಕಿತು. ಈಗ ಡಿಸಿಎಂ ಟೌನ್‌ಶಿಪ್ ಎಂದು ಬಸ್ಸಿನಲ್ಲಿ ಟಿಕೆಟ್ ಕೇಳುವ ಹುಡುಗರಿಗೆ ಆ ಮೂರು ಅಕ್ಷರಗಳಲ್ಲಿ ದಾವಣಗೆರೆ ಕಾಟನ್ ಮಿಲ್ ಎಂಬ ಒಂದು ಗಿರಣಿ ಇದೆ ಎಂದು ಗೊತ್ತಿಲ್ಲ. ನಮ್ಮಪ್ಪ ಗಿರಣಿ ಕೆಲಸದವರು. ಗಿರಣಿ ನಿಂತ ಮೇಲೆ ಕಾಯಂ ಆಗಿದ್ದವರು ಬಾಕಿಗಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದರು, ಬದಲಿ ಕೆಲಸದವರಾಗಿದ್ದ ಅಪ್ಪನಂಥವರಿಗೆ ಅಲೆಯುವುದಕ್ಕೂ ಒಂದು ಕಾಗದ ಇರಲಿಲ್ಲ. ಆ ಮನೆಗಳ ಹೆಂಗಸರು ಬೀಡಿ ಕಟ್ಟಿದರು, ಕೆಲವರು ಭಟ್ಟಿಗೆ ಹೋದರು. ಭಟ್ಟಿಯೂ ನಿಂತರೆ ಮುಂದೆ ಹೋಗಲು ಇನ್ನೊಂದು ಮೆಟ್ಟಿಲು ಕೆಳಗೆ ಉಳಿದಿಲ್ಲ.

ಆದ್ದರಿಂದ ಜಿಲ್ಲಾಧಿಕಾರಿಗಳೇ, ಮೊದಲ ಕೆಲಸವಾಗಿ ಹೆಸರು ಬರೆಸಿ. ಒಂದೇ ಒಂದು ಒಲೆಗೆ ಬೀಗ ಹಾಕುವ ಮೊದಲು, ಒಂದೇ ಒಂದು ಅಡಿ ಕೊಳವೆ ಅಗೆಯುವ ಮೊದಲು. ಕಾರ್ಮಿಕ ಇಲಾಖೆಯವರು ಭಟ್ಟಿಯಿಂದ ಭಟ್ಟಿಗೆ ಹೋಗಿ ಯಾರು ಹುರಿಯುತ್ತಾರೆ, ಯಾರು ಒಣಗಿಸುತ್ತಾರೆ, ಯಾರು ಎಷ್ಟು ವರ್ಷದಿಂದ ಎಂದು ಬರೆದುಕೊಳ್ಳಲಿ. ಗಂಡನ ಹೆಸರಿನ ಕೆಳಗೆ ಹೆಂಡತಿಯನ್ನು ಸೇರಿಸಿ ಒಂದೇ ಕೂಲಿ ಎಂದು ಬರೆಯುವುದು ಬೇಡ. ಇಬ್ಬರು ದುಡಿದರೆ ಎರಡು ಹೆಸರು. 2021ರಿಂದ ಅಸಂಘಟಿತ ಕಾರ್ಮಿಕರಿಗೆ ಇ-ಶ್ರಮ್ ಚೀಟಿ ಕೊಡುತ್ತಿದ್ದಾರೆ, ಅದರಲ್ಲಿ ಮಂಡಕ್ಕಿ ಭಟ್ಟಿಯ ಕೆಲಸ ಎಂದು ಸ್ಪಷ್ಟವಾಗಿ ನಮೂದಾಗಲಿ. ಓಣಿಯ ಮಸೀದಿಯ ಮುಂದೆ, ಅಂಗನವಾಡಿಯಲ್ಲಿ ಪಟ್ಟಿ ತೂಗುಹಾಕಿದರೆ ಸುಳ್ಳು ಹೆಸರು ಯಾವುದು, ಬಿಟ್ಟುಹೋದ ಹೆಸರು ಯಾವುದು ಎಂದು ಸಂಜೆಯೊಳಗೆ ಜನರೇ ಹೇಳುತ್ತಾರೆ.

ಆಮೇಲೆ ಒಲೆ ಬದಲಿಸಲು ಭಟ್ಟಿ ನಿಂತಷ್ಟು ದಿನ ಆ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ದಿನದ ಕನಿಷ್ಠ ಕೂಲಿ ನೇರ ಖಾತೆಗೆ ಬರಲಿ. ಶುದ್ಧ ಗಾಳಿಯ ಹಣದಲ್ಲಿ ಅದಕ್ಕೆ ಜಾಗ ಇಲ್ಲ ಎಂದರೆ ಟೈರ್ ಮಾಡುವವರ ಹೊಣೆಯ ದಾರಿ ಹಿಡಿಯಿರಿ, ಅದೂ ಆಗದಿದ್ದರೆ ಪಾಲಿಕೆಯ ಬಜೆಟ್ಟಿನಲ್ಲಿ ಒಂದು ಸಾಲು ಸೇರಿಸಿ. ಹಳೇ ಸಾಲುಗಳನ್ನು ನೋಡಿದರೆ ಅದಕ್ಕಿಂತ ವ್ಯರ್ಥವಾದವು ಸಿಗುತ್ತವೆ. ಸಹಾಯಧನ ಪಡೆದ ಮಾಲೀಕನಿಗೆ ಒಂದು ಷರತ್ತು ಇರಲಿ: ಹೊಸ ಒಲೆಯ ಮುಂದೆ ಹಳೇ ಕೆಲಸಗಾರರೇ ಕೂರಬೇಕು. ಯಂತ್ರ ಬಂತು, ನೀವಿನ್ನು ಹೋಗಿ ಎಂದರೆ ಸಹಾಯಧನ ವಾಪಸ್. ಹುರಿಯುವ ಯಂತ್ರಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ, ಹೊಗೆಯ ಹೆಸರಿನಲ್ಲಿ ಅವನ್ನು ತಂದು ಕೂಲಿಯ ಖರ್ಚು ಉಳಿಸಿಕೊಳ್ಳುವ ಯೋಚನೆ ಕೆಲವರ ತಲೆಯಲ್ಲಿ ಇದ್ದೇ ಇದೆ. ಹೆಂಗಸರ ಗುಂಪುಗಳು ತಾವೇ ಸೇರಿ ಭಟ್ಟಿ ನಡೆಸುತ್ತೇವೆ ಎಂದು ಮುಂದೆ ಬಂದರೆ ಮೊದಲ ಅನಿಲದ ಸಂಪರ್ಕ ಅವರದಾಗಲಿ.

ಗಾಳಿ ಅಳೆಯುವ ಯಂತ್ರದ ಬಗ್ಗೆಯೂ ಒಂದು ಮಾತು. ದೇವರಾಜ ಅರಸು ಬಡಾವಣೆಯಲ್ಲಿ ಅಂಥದೊಂದು ಇದೆ, ಅದರ ಅಂಕಿ ಫೋನಿನಲ್ಲೇ ಸಿಗುತ್ತದೆ, ಒಳ್ಳೆಯದು. ಅಂಥದೇ ಇನ್ನೊಂದನ್ನು ಭಟ್ಟಿಗಳ ನಡುವೆ ಇಡಿ, ಹೊಗೆ ದಟ್ಟವಾಗುವ ನಸುಕಿನ ಅಂಕಿಯನ್ನು ಪ್ರತ್ಯೇಕವಾಗಿ ತೋರಿಸಿ. ಇಡೀ ದಿನದ ಸರಾಸರಿಯಲ್ಲಿ ಆ ಎರಡು ಮೂರು ತಾಸು ಕರಗಿಹೋಗುತ್ತವೆ. ಜಿಲ್ಲಾ ಆಸ್ಪತ್ರೆಯಿಂದ ವರ್ಷಕ್ಕೊಮ್ಮೆಯಾದರೂ ಉಸಿರಾಟದ ತಪಾಸಣೆ ಆ ಓಣಿಯಲ್ಲೇ ನಡೆಯಲಿ, ಅದರ ಚೀಟಿ ಅವರ ಕೈಗೆ ಸಿಗಲಿ. ನಾಳೆ ಪರಿಹಾರ ಕೇಳುವ ದಿನ ಬಂದರೆ ಬೇಕಾಗುತ್ತದೆ.

ಊರಿನವರಿಗೂ ಒಂದು ಮಾತು ಉಳಿದಿದೆ. ಅನಿಲದಲ್ಲಿ ಹುರಿದ ಮಂಡಕ್ಕಿ ಟೈರಿನಲ್ಲಿ ಹುರಿದದ್ದಕ್ಕಿಂತ ತುಟ್ಟಿ ಆಗುತ್ತದೆ. ನನ್ನ ಅಂಗಡಿಯಲ್ಲೂ ತಟ್ಟೆಗೆ ಎರಡೋ ಮೂರೋ ರೂಪಾಯಿ ಏರುತ್ತದೆ. ಬೆಣ್ಣೆದೋಸೆಯ ಬೆಲೆ ಏರಿದಾಗ ಗೊಣಗಿಕೊಂಡೇ ಕೊಟ್ಟು ತಿಂದಿದ್ದೀರಿ, ಇದಕ್ಕೂ ಕೊಡಿ. ಮಂಡಕ್ಕಿ ಯಾವಾಗಲೂ ಅಗ್ಗವಾಗಿಯೇ ಇರಬೇಕು ಎಂದು ನಾವು ಹಟ ಹಿಡಿದಿರುವುದೂ ಆ ಒಲೆಗೆ ಟೈರ್ ಹಾಕಿಸಿದೆ. ಸಗಟು ಕೊಳ್ಳುವ ನನ್ನಂಥ ವ್ಯಾಪಾರಿಗಳು ಚೀಲದ ಬೆಲೆ ಚೌಕಾಸಿ ಮಾಡುವಾಗ ಯಾವ ಒಲೆಯದು ಎಂದು ಕೇಳಲು ಶುರುಮಾಡಬೇಕು. ನಾನು ಕೇಳಲು ತಯಾರಿದ್ದೇನೆ, ನಾಲ್ಕು ಜನ ಜೊತೆಗೆ ಬಂದರೆ.

ಇದನ್ನೆಲ್ಲ ಚರ್ಚಿಸಲು ತಾವು ಸಭೆ ಕರೆಯುವುದಾದರೆ ಒಂದು ವಿನಂತಿ. ಬೆಳಗ್ಗೆ ಹನ್ನೊಂದಕ್ಕೆ ಜಿಲ್ಲಾಡಳಿತ ಭವನದಲ್ಲಿ ಕರೆದರೆ ಮಾಲೀಕರು, ಮುಖಂಡರು, ಪತ್ರಿಕೆಯವರು ಬರುತ್ತಾರೆ, ರಾತ್ರಿಯೆಲ್ಲ ಹುರಿದವರು ಆ ಹೊತ್ತಿನಲ್ಲಿ ನಿದ್ದೆಯಲ್ಲಿರುತ್ತಾರೆ. ಸಂಜೆ ನಾಲ್ಕಕ್ಕೆ, ಭಟ್ಟಿ ಓಣಿಯ ಉರ್ದು ಶಾಲೆಯ ಅಂಗಳದಲ್ಲಿ ಇಡಿ. ಬರುವಾಗ ಕಾರ್ಮಿಕ ಇಲಾಖೆಯವರು ಹೆಸರು ಬರೆಯುವ ಪುಸ್ತಕ ತರಲಿ. ಕುರ್ಚಿ, ಚಹಾ, ಮಂಡಕ್ಕಿಯ ಖರ್ಚು ನನ್ನದು.

ಇಂತಿ,
ಹಳೇ ಊರಿನ ಒಬ್ಬ ಮಂಡಕ್ಕಿ ವ್ಯಾಪಾರಿ
ದಾವಣಗೆರೆ